ಯಶೋಧರಚರಿತೆಯಲ್ಲಿ ಕಥಕನ ಸ್ಥಾನ

ಕಥೆಯ ಅಂಗಗಳಾವುವೆಂದು ಕೇಳಿದರೆ ವಸ್ತು, ಪಾತ್ರ, ಸನ್ನಿವೇಶ, ಸಂಭಾಷಣೆ ಎಂದು ಎಣಿಸುವುದು ನಮ್ಮ ಪಾಠಶಾಲೆಗಳಲ್ಲಿ ರೂಢಿಯಾಗಿದೆ. ಎಣಿಕೆ ತಪ್ಪಲ್ಲ, ಆದರೆ ಹೇಳುವವನಾರು, ಕೇಳುವವನಾರು ಎಂಬೆರಡು ಅಂಶಗಳು ಅದರಲ್ಲಿ ಜಾರಿಹೋಗುತ್ತವೆ. ಇದರಿಂದಾಗುವ ಹಾನಿಗೆ ಜನ್ನನ ಯಶೋಧರಚರಿತೆಯನ್ನು (ಕ್ರಿ. ಶ. 1209) ನಿದರ್ಶನವಾಗಿ ತೆಗೆದುಕೊಳ್ಳಬಹುದು.

ಈ ಕಾವ್ಯದಿಂದ ಅಮೃತಮತಿಯ ಪ್ರಸಂಗವನ್ನು ಮಾತ್ರ ಬಿಡಿಸಿ ಪಾಠಕ್ಕಿಡುವುದುಂಟು. ಆಗ ಅದು ರಾಣಿಯೊಬ್ಬಳು ಮಾವಟಿಗನ ಹಾಡಿಗೆ ಸೋತು ಗಂಡನಿಗೆ ವಿಷವಿಕ್ಕಿದ ವೃತ್ತಾಂತವಾಗಿ ನಿಲ್ಲುತ್ತದೆ. ಕಾವ್ಯದಲ್ಲಿಯಾದರೋ ಇದನ್ನು ಹೇಳುವವನು ಚಂಡಮಾರಿಯ ಗುಡಿಯಲ್ಲಿ ಬಲಿಗೆಂದು ತಂಗಿಯೊಡನೆ ಹಿಡಿತರಲ್ಪಟ್ಟ ಬಾಲಕ ಅಭಯರುಚಿ. ಕೇಳುವವನು ಆ ಬಲಿಯನ್ನು ಕೊಡಲಿರುವ ಅರಸು ಮಾರಿದತ್ತ. ಹಿಂದಣ ಜನ್ಮದಲ್ಲಿ ಯಶೋಧರನಾಗಿ ವಿಷವುಂಡವನು ಈ ಅಭಯರುಚಿಯೇ. ಹಿಟ್ಟಿನ ಕೋಳಿಯೊಂದನ್ನು ಕಡಿದುದಕ್ಕೆ ಜನ್ಮಜನ್ಮಾಂತರದ ದುಃಖವೊದಗಿತೆಂಬ ಮಾತನ್ನು, ಜೀವದ ಬಲಿಗಳನ್ನು ಕೂಡಿಹಾಕಿಕೊಂಡು ನಿಂತವನು ಕೇಳುತ್ತಿದ್ದಾನೆ. ಕಥೆಯ ಭಾರವೆಲ್ಲ ಈ ಕಿವಿಯ ಮೇಲೆ ಬೀಳುತ್ತದೆ.

ಕೇವಲ ಕಾಲಕ್ರಮದಲ್ಲಿ ಬರುವ ಕಥೆ ಬೇರೆ, ಕಾರ್ಯಕಾರಣಗಳಿಂದ ಹೆಣೆದ ಸಂವಿಧಾನ ಬೇರೆ ಎಂದು ಆಂಗ್ಲ ಕಾದಂಬರಿಕಾರ ಫಾರ್ಸ್ಟರನು 1927ರಲ್ಲಿ ವಿಂಗಡಿಸಿದನು. ಆ ದೃಷ್ಟಿಯಿಂದ ನೋಡಿದರೆ ಇಲ್ಲಿನ ಮೂಲಕಾರಣ ರಾಣಿಯ ಜಾರತನವಲ್ಲವೆಂದು ನಮ್ಮ ಮತ. ಯಶೋಧರನು ಕಂಡುದನ್ನು ಮುಚ್ಚಿ, ಕನಸಿನ ನೆಪವನ್ನು ತಾಯಿಗೆ ಹೇಳಿದನು. ಕನಸಿಗೆ ಶಾಂತಿ ಬೇಕೆಂದು ತಾಯಿ ಬಲಿಯನ್ನು ಸೂಚಿಸಿದಳು. ಅವನು ಒಪ್ಪದಿರಲು ಹಿಟ್ಟಿನ ಕೋಳಿಯೆಂಬ ರಾಜಿ ಹುಟ್ಟಿತು. ಈ ಸರಪಳಿಯ ಮೊದಲ ಕೊಂಡಿ ಸುಳ್ಳು.

ಇನ್ನೊಂದು ತೊಡಕಿದೆ. ಹಾಡಿದವನನ್ನು ನೋಡಿಬರಲೆಂದು ರಾಣಿ ಸಖಿಯನ್ನು ಕಳುಹಿಸುತ್ತಾಳೆ. ಅವಳು ಹೇಸಿ ಹಿಂದಿರುಗಿ ಅವನ ವಿಕಾರರೂಪವನ್ನು ವರ್ಣಿಸುತ್ತಾಳೆ. ಒಲಿದವಳಿಗೆ ರೂಪದ ಗೊಡವೆಯೇಕೆಂಬ ಭಾವದಲ್ಲಿ ರಾಣಿ ಉತ್ತರ ಕೊಡುತ್ತಾಳೆ. ಈ ಏಕಾಂತದ ಮಾತು ಯಶೋಧರನಿಗೆ ತಿಳಿದುದೆಂತು? ಅವನು ಬೆನ್ನುಹತ್ತಿ ಹೋಗಿ ಕಂಡುದು ಅನಂತರದ ಸಂಗತಿ. ಜಾತಿಸ್ಮರಣೆಯಿಂದೆನ್ನೋಣವೆಂದರೆ, ಅದು ತಾನು ಅನುಭವಿಸಿದುದನ್ನು ನೆನಪಿಗೆ ತರಬಲ್ಲುದೇ ಹೊರತು ಕಾಣದುದನ್ನು ತೋರಿಸಲಾರದು. ಸುದತ್ತಾಚಾರ್ಯರ ಜ್ಞಾನದಿಂದ ತಿಳಿಯಿತೆಂದು ಶಾಸ್ತ್ರಜ್ಞರು ಸಮಾಧಾನ ಹೇಳಿಯಾರು. ಆದರೆ ಸಖಿಯ ಆ ಕೊಂಕು, ರಾಣಿಯ ಆ ನಾಚಿಕೆಯಿಲ್ಲದ ತನ್ಮಯತೆ, ಇವು ಮುನಿವಚನದ ಧ್ವನಿಯಲ್ಲ. ಇಲ್ಲಿ ಜನ್ನನು ಅಭಯರುಚಿಯನ್ನು ಬದಿಗೆ ಸರಿಸಿ ತಾನೇ ಕಥೆ ಹೇಳತೊಡಗಿದ್ದಾನೆಂದೇ ತೋರುತ್ತದೆ.

ಕಟ್ಟುನಿಟ್ಟಾದ ವಿಮರ್ಶಕರು ಇದನ್ನು ದೋಷವೆಂದಾರು. ನಮಗೆ ಹಾಗೆನ್ನಲು ಮನಸ್ಸು ಬಾರದು. ಉಳಿದೆಡೆಗಳಲ್ಲೆಲ್ಲ ಅಮೃತಮತಿಯನ್ನು ನಾವು ಅವಳಿಂದ ಸತ್ತವನ ಬಾಯಿಂದ ಕೇಳುತ್ತೇವೆ. ತನ್ನ ಒಲವಿನ ಪರವಾಗಿ ಅವಳೇ ನುಡಿಯುವುದು ಗಂಡನ ಕಣ್ಣಿಲ್ಲದ ಈ ಎಡೆಯಲ್ಲಿ.