ಬಾಟಲಿಯ ಮೇಲಿನ ಕಾಗದದ ಕಚ್ಚು

ದಾವಣಗೆರೆ ಸುತ್ತಲಿನ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಹಿರಿಯರು ಹಳೆಯ ಕಾಲದ ಡಾಕ್ಟರ ಮಾತೆತ್ತಿದರೆ ನನ್ನ ಕಣ್ಣಿಗೆ ಕಟ್ಟುವುದು ಮಿಕ್ಸ್ಚರ್ ಬಾಟಲಿ. ಮನೆಯಿಂದ ತೊಳೆದು ಒಯ್ದ ಗಾಜಿನ ಬಾಟಲಿಗೆ ಕಾಂಪೌಂಡರ್ ಔಷಧಿ ತುಂಬುತ್ತಿದ್ದರು. ಆಮೇಲೆ ಉದ್ದನೆಯ ಬಿಳಿ ಕಾಗದದ ಪಟ್ಟಿ ಮಡಿಚಿ, ಅಂಚನ್ನು ಕತ್ತರಿಯಿಂದ ಕಚ್ಚು ಕಚ್ಚಾಗಿ ಕತ್ತರಿಸಿ, ಬಾಟಲಿಗೆ ಅಂಟಿಸುತ್ತಿದ್ದರು. ಒಂದು ಕಚ್ಚಿಗೆ ಒಂದು ಹೊತ್ತಿನ ಔಷಧಿ. ಅಕ್ಷರ ಬಾರದ ಅಜ್ಜಿಗೂ ಅಳತೆ ತಪ್ಪುತ್ತಿರಲಿಲ್ಲ. ಎಂಥ ಜಾಣ ಉಪಾಯ!

ಆ ಡಾಕ್ಟರುಗಳಲ್ಲಿ ಅನೇಕರು ಎಲ್‌ಎಂಪಿ ಎಂಬ ಅಂದಿನ ವೈದ್ಯಕೀಯ ಡಿಪ್ಲೊಮಾ ಓದಿದವರು. ಮೈಸೂರು ಮೆಡಿಕಲ್ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ 1930ಕ್ಕೆ ಮೈಸೂರಿಗೆ ಹೋಯಿತು. ದಾವಣಗೆರೆಗೆ ಜೆಜೆಎಂ ಮೆಡಿಕಲ್ ಕಾಲೇಜು ಬಂದದ್ದು 1965ರಲ್ಲಿ. ಅಲ್ಲಿಯವರೆಗೆ ಡಾಕ್ಟರಾಗಲು ದೂರದ ಊರಿಗೇ ಹೋಗಬೇಕಿತ್ತು. ಎಷ್ಟೋ ಕಾಂಪೌಂಡರುಗಳು ಮಾತ್ರ ಡಾಕ್ಟರ ಪಕ್ಕದಲ್ಲೇ ನಿಂತು, ಪಿಂಗಾಣಿ ಕಲ್ವದಲ್ಲಿ ಪುಡಿ ಅರೆಯುತ್ತ ಕಲಿತವರು. ಅಮೆರಿಕದ ಮೊದಲ ವೈದ್ಯಶಾಲೆ ಫಿಲಡೆಲ್ಫಿಯಾದಲ್ಲಿ 1765ರಲ್ಲಿ ತೆರೆದ ಮೇಲೂ ಅಲ್ಲಿನ ಹಳ್ಳಿ ಡಾಕ್ಟರುಗಳು ಬಹಳ ಕಾಲ ಹೀಗೆಯೇ, ಗುರುವಿನ ಮನೆಯಲ್ಲಿ ಔಷಧಿ ಕುಟ್ಟಿ ಕಲಿತರು.

ಔಷಧಿಯ ಮಡ್ಡಿ ತಳಕ್ಕೆ ಇಳಿಯುತ್ತದಲ್ಲ, ಅದಕ್ಕೇ ಬಾಟಲಿ ಕೈಗಿಡುವಾಗ ಕಾಂಪೌಂಡರ್ ತಪ್ಪದೆ ಹೇಳುವ ಮಾತೊಂದಿತ್ತು: "ಚೆನ್ನಾಗಿ ಅಲ್ಲಾಡಿಸಿ ಕುಡೀಬೇಕು, ನೋಡಮ್ಮ."