ಯಾವುದು ಸಣ್ಣ ದೋಷ? ಪಾಠರಚನಾ ತಂತ್ರಾಂಶವೊಂದರ ವ್ಯಾಕರಣ ವಿಮರ್ಶೆ

ಬನಶಂಕರಿಯಲ್ಲಿರುವ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ ಹಾಗೂ ಜಯನಗರದ ಐಟಿ ಫಾರ್ ಚೇಂಜ್ ಸಂಸ್ಥೆಗಳ ಸಹಯೋಗದಲ್ಲಿ ಬೆಳೆದ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಯೋಜನೆಯು ಶಿಕ್ಷಕರನ್ನು ಪಾಠಸಾಮಗ್ರಿಯ ರಚನಕಾರರನ್ನಾಗಿ ಕಂಡಿತು. ಜಿಯೋಜೀಬ್ರಾ, ಫ್ರೀಪ್ಲೇನ್‌ಗಳಂತಹ ಮುಕ್ತ ತಂತ್ರಾಂಶಗಳು ಆ ರಚನೆಯ ಸಾಧನಗಳಾದವು. ಆದರೆ ಸಾಧನವೇ ಭಾಷಾಪಾಠದ ಉತ್ತರಗಳನ್ನು ತಿದ್ದತೊಡಗಿದಾಗ, ಅದು ಯಾವ ವ್ಯಾಕರಣವನ್ನು ನಂಬಿದೆ ಎಂದು ಕೇಳಬೇಕಾಗುತ್ತದೆ. ನಾರ್ವೆ ಮೂಲದ ಮುಕ್ತ ತಂತ್ರಾಂಶ ಎಚ್5ಪಿಯ ‘ಬಿಟ್ಟ ಸ್ಥಳ ತುಂಬಿ’ ಮಾದರಿಯನ್ನು ನಾವು ಈ ದೃಷ್ಟಿಯಿಂದ ಪರಿಶೀಲಿಸುತ್ತೇವೆ.

ಸಣ್ಣ ಕಾಗುಣಿತ ದೋಷಗಳನ್ನು ಮನ್ನಿಸುವ ಆಯ್ಕೆಯೊಂದು ಈ ಮಾದರಿಯಲ್ಲಿದೆ. ಅದನ್ನು ಬಳಸಿದರೆ, ತೀರಾ ಚಿಕ್ಕದಲ್ಲದ, 9 ಚಿಹ್ನೆಗಳವರೆಗಿನ ಪದದಲ್ಲಿ 1 ದೋಷಕ್ಕೆ, ಅದಕ್ಕಿಂತ ದೀರ್ಘವಾದ ಪದದಲ್ಲಿ 2 ದೋಷಗಳಿಗೆ ವಿನಾಯಿತಿ ದೊರೆಯುತ್ತದೆ. ಇಲ್ಲಿ ಚಿಹ್ನೆಯೆಂದರೆ ಅಕ್ಷರವಲ್ಲ, ಯೂನಿಕೋಡ್ ಸಂಕೇತ; ದೋಷವೆಂದರೆ ಒಂದು ಸಂಕೇತದ ಆಗಮ, ಲೋಪ, ಆದೇಶ ಅಥವಾ ಪಕ್ಕದ ಸಂಕೇತದೊಂದಿಗೆ ಸ್ಥಾನಪಲ್ಲಟ.

‘ಹುಡುಗಿ ಶಾಲೆಗೆ ____’ ಎಂಬ ವಾಕ್ಯವನ್ನು ನೋಡೋಣ. ನಿರೀಕ್ಷಿತ ಉತ್ತರವಾದ ‘ಬಂದಳು’ವಿನಲ್ಲಿ 5 ಸಂಕೇತಗಳಿವೆ. ವಿದ್ಯಾರ್ಥಿಯು ‘ಬಂದನು’ ಎಂದು ಬರೆದರೆ ಳಕಾರಕ್ಕೆ ನಕಾರವು ಆದೇಶವಾಗಿದೆ, ಅಷ್ಟೇ, ಉತ್ತರವು ಸರಿಯೆನಿಸುತ್ತದೆ. ‘ಬನ್ದಳು’ ಎಂದು ಬರೆದರೆ ಅನುಸ್ವಾರದ ಜಾಗದಲ್ಲಿ ನಕಾರ ಮತ್ತು ಹಲಂತ ಚಿಹ್ನೆ ಬರುವುದರಿಂದ ದೋಷಗಳು 2 ಆಗಿ, ಉತ್ತರವು ತಪ್ಪೆನಿಸುತ್ತದೆ. ಉಚ್ಚಾರಣೆಯಲ್ಲಿ ಭೇದವೇ ಇಲ್ಲದ ಬರವಣಿಗೆಯ ವ್ಯತ್ಯಾಸಕ್ಕೆ ಶಿಕ್ಷೆ, ಪಾಠವು ಕಲಿಸಹೊರಟ ಲಿಂಗಾನ್ವಯದ ಭಂಗಕ್ಕೆ ಕ್ಷಮೆ! ಸ್ವರದ ಹ್ರಸ್ವ-ದೀರ್ಘಗಳ ಅಭ್ಯಾಸದಲ್ಲಿಯೂ ‘ಬಳೆ’ಯ ಜಾಗದಲ್ಲಿ ‘ಬಾಳೆ’ ಸಲ್ಲುತ್ತದೆ.

ಇಂಗ್ಲಿಷಿನಲ್ಲಿಯೂ ‘ವಾಕ್’, ‘ವಾಕ್ಸ್’ ರೂಪಗಳ ಅಂತರ ಒಂದೇ ಅಕ್ಷರದ್ದಲ್ಲವೇ ಎಂಬ ಆಕ್ಷೇಪವು ನ್ಯಾಯವಾದುದೇ. ಪದರಚನೆಯನ್ನು ಕಾಣದಿರುವುದು ಈ ಗಣನೆಯ ಮೂಲ ಮಿತಿ. ಆದರೆ ಲಿಂಗ, ವಚನ, ಪುರುಷಗಳನ್ನು ಕ್ರಿಯಾಪದದ ಕೊನೆಯ ಪ್ರತ್ಯಯದಲ್ಲಿಯೇ ಹೊರುವ ಕನ್ನಡದಲ್ಲಿ ಅದರ ಹಾನಿ ಹೆಚ್ಚು ವ್ಯಾಪಕವಾದುದು. ಸಂಕೇತಗಳ ಬದಲು ಅಕ್ಷರಗಳನ್ನು ಎಣಿಸಿದರೂ ‘ನು’, ‘ಳು’ಗಳ ನಡುವಿನ ಅಂತರ ಒಂದೇ ಆಗಿ ಉಳಿಯುತ್ತದೆ.

ಆದ್ದರಿಂದ, ಪ್ರಕೃತಿ ಮತ್ತು ಪ್ರತ್ಯಯಗಳ ಗಡಿಯನ್ನು ಶಿಕ್ಷಕರೇ ಗುರುತಿಸುವ ಸೌಲಭ್ಯವಿರಬೇಕು; ವಿನಾಯಿತಿಯು ಪ್ರಕೃತಿಗೆ ಮಾತ್ರ ಸೀಮಿತವಾಗಬೇಕು. ತಂತ್ರಾಂಶದ ಮೂಲಸಂಕೇತವು ಮುಕ್ತವಾಗಿರುವುದರಿಂದ ಈ ತಿದ್ದುಪಡಿ ಸಾಧ್ಯವಿದೆ. ಅಲ್ಲಿಯವರೆಗೆ ವ್ಯಾಕರಣದ ಅಭ್ಯಾಸಗಳಲ್ಲಿ ಈ ಆಯ್ಕೆಯನ್ನು ಕೈಬಿಟ್ಟು, ಒಪ್ಪತಕ್ಕ ಪರ್ಯಾಯ ರೂಪಗಳನ್ನು ಶಿಕ್ಷಕರೇ ನಮೂದಿಸುವುದು ಲೇಸು. ಯಾವ ದೋಷ ಸಣ್ಣದು ಎಂಬ ನಿರ್ಣಯವು ಎಣಿಕೆಯದಲ್ಲ, ವ್ಯಾಕರಣದ್ದು.