ಬಂಡೆ ಕೊರೆದು ಕಟ್ಟಿದ ಬ್ರಾಂತೋಮ್

ಬ್ರಾಂತೋಮ್‌ಗೆ ‘ಪೆರಿಗೋರ್‌ನ ವೆನಿಸ್’ ಎಂಬ ಬಿರುದು ಅಂಟಿಸಿದ ಪುಣ್ಯಾತ್ಮರು ಊರಿಗೆ ಉಪಕಾರವನ್ನೇನೂ ಮಾಡಲಿಲ್ಲ. ನೈಋತ್ಯ ಫ್ರಾನ್ಸಿನ ಪೆರಿಗೋರ್ ಸೀಮೆಯ ಈ ಪುಟ್ಟ ಊರನ್ನು ದ್ರೋನ್ ನದಿ ಬಳಸಿಕೊಂಡು ಹರಿಯುವುದು ನಿಜ. ಸನ್ಯಾಸಿಗಳು ತೋಡಿದ ಕಾಲುವೆಯೂ ಸೇರಿ ಹಳೆಯ ಊರು ನಡುಗಡ್ಡೆಯಾಗಿರುವುದೂ ನಿಜ. ಅಷ್ಟಕ್ಕೇ ವೆನಿಸ್ ಅಂದುಬಿಟ್ಟರೆ ಹೇಗೆ? ಬಿರುದನ್ನು ನಂಬಿ ಬಂದವರು ದೋಣಿಯಲ್ಲಿ ಒಂದು ಸುತ್ತು ಹಾಕುತ್ತಾರೆ, 16ನೇ ಶತಮಾನದ ಆ ಮೊಣಕೈ ಮಡಿಸಿದ ಸೇತುವೆಯ ಮೇಲೆ ನಿಂತು ಬಿಳೀ ಮಠದ ಫೋಟೊ ತೆಗೆದುಕೊಳ್ಳುತ್ತಾರೆ, ಐಸ್‌ಕ್ರೀಂ ತಿಂದು ಹೊರಟುಬಿಡುತ್ತಾರೆ. ನೋಡಬೇಕಾದದ್ದು ಇರುವುದು ಮಠದ ಬೆನ್ನಿಗೆ.

ಮಠ ಬೆನೆಡಿಕ್ಟಿನ್ ಪಂಥದ್ದು. 769ರಲ್ಲಿ ಸಾಮ್ರಾಟ ಶಾರ್ಲಮೇನನೇ ಸ್ಥಾಪಿಸಿದನೆಂದು ಐತಿಹ್ಯ. ಬೈಬಲಿನ ರಾಜ ಹೆರೋದನ ಕಾಲದಲ್ಲಿ ಕೊಲೆಯಾದ ಹಸುಗೂಸುಗಳಲ್ಲಿ ಒಂದಾದ ಸಂತ ಸಿಕೇರನ ಅಸ್ಥಿಯನ್ನು ಕೊಟ್ಟವನೂ ಅವನೇ ಅಂತೆ. ದೊಡ್ಡ ಹೆಸರೊಂದು ಬೆನ್ನಿಗಿಲ್ಲದ ಮಠ ಆ ಸೀಮೆಯಲ್ಲಿ ಸಿಕ್ಕುವುದು ಅಪರೂಪ. ಐತಿಹ್ಯವನ್ನು ಐತಿಹ್ಯವಾಗಿಯೇ ಇಟ್ಟುಕೊಳ್ಳೋಣ. 9ನೇ ಶತಮಾನದಲ್ಲಿ ವೈಕಿಂಗರು ಬಂದು ಸೂರೆ ಹೊಡೆದರು. ಕಟ್ಟಿದ್ದು ಬಿತ್ತು, ಬಿದ್ದದ್ದನ್ನು ಮತ್ತೆ ಕಟ್ಟಿದರು.

ಕಟ್ಟಲು ಕಲ್ಲು ಎಲ್ಲಿಂದ? ಹಿತ್ತಿಲಿನಿಂದಲೇ. ಮಠದ ಹಿಂದೆ ಗೋಡೆಯ ಹಾಗೆ ಎದ್ದು ನಿಂತ ಸುಣ್ಣಕಲ್ಲಿನ ಬಂಡೆಯಿದೆ. ಅದರ ಬುಡದ ಗುಹೆಗಳಲ್ಲಿ ಮೊದಲು ಸನ್ಯಾಸಿಗಳು ವಾಸವಿದ್ದರು; ಆಮೇಲೆ ಅದೇ ಗುಹೆಗಳು ಕಲ್ಲು ತೆಗೆಯುವ ಕ್ವಾರಿಗಳಾದವು. ಬಂಡೆಯೊಳಗೆ ಬರಿದಾದಷ್ಟೂ ಹೊರಗೆ ಮಠ ಬೆಳೆಯಿತು. ಈ ಲೆಕ್ಕ ತಲೆಗೆ ಹೊಕ್ಕ ಮೇಲೆ ಇಡೀ ಊರು ಬೇರೆಯೇ ಕಾಣತೊಡಗುತ್ತದೆ. ನದಿಯಂಚಿನ ಆ ಉದ್ದನೆಯ ಬಿಳೀ ಮುಖಭಾಗ ನೋಡಿದಾಗೆಲ್ಲ, ಅದರ ಹಿಂದಿನ ಕತ್ತಲ ಬಾಯಿಗಳು ನೆನಪಾಗುತ್ತವೆ. ತೆಗೆದ ಜಾಗವನ್ನೂ ಅವರು ಹಾಳು ಬಿಡಲಿಲ್ಲ. ಒಂದು ಗುಹೆಯ ಗೋಡೆಯಲ್ಲಿ ಸಾಲುಸಾಲಾಗಿ ಗೂಡು ಕೊರೆದು ಪಾರಿವಾಳ ಸಾಕಿದರು. ಮಾಂಸವೂ ಆಯಿತು, ಹೊಲಕ್ಕೆ ಗೊಬ್ಬರವೂ ಆಯಿತು. ಇನ್ನೊಂದು ಕಡೆ ಸಿಕೇರನ ಹೆಸರಿನ ಒರತೆ. ಮಕ್ಕಳ ಕಾಯಿಲೆಗೆ ಇದರ ನೀರು ಒಳ್ಳೆಯದೆಂದು ಜನ ಹರಕೆ ಹೊತ್ತು ಬರುತ್ತಿದ್ದರು.

ಅರ್ಧ ದಿನವಷ್ಟೇ ಇದ್ದರೆ ಉಳಿದೆಲ್ಲ ಬಿಟ್ಟು ‘ಅಂತಿಮ ತೀರ್ಪಿನ ಗುಹೆ’ಯೊಳಗೆ ಹೋಗಿ. ಬಂಡೆಯ ಗೋಡೆಯಲ್ಲೇ ದೊಡ್ಡದೊಂದು ಉಬ್ಬುಶಿಲ್ಪವಿದೆ. ಮೇಲೆ ದೇವರು, ಅಕ್ಕಪಕ್ಕ ದೇವದೂತರು, ಕೆಳಗೆ ಸಾವು. ಸಾವಿನ ಜೊತೆಗೆ ಮನುಷ್ಯರ ತಲೆಗಳು. ಸಾಮಾನ್ಯವಾಗಿ ಇದನ್ನು 15–16ನೇ ಶತಮಾನದ್ದು ಎನ್ನುತ್ತಾರೆ, ಆದರೆ ಕೆತ್ತನೆಯ ಒರಟುತನ ನೋಡಿದರೆ ಅದಕ್ಕಿಂತ ಬಹಳ ಹಳೆಯದೇನೋ ಅನ್ನಿಸುತ್ತದೆ. ಕೆತ್ತಿದವನಿಗೆ ಅಂಗಾಂಗದ ಅಳತೆ ಗೊತ್ತಿರಲಿಲ್ಲ, ಅಥವಾ ಬೇಕಿರಲಿಲ್ಲ. ಅದೇ ಅದರ ಬಲ. ಪಕ್ಕದ ಗೋಡೆಯಲ್ಲಿ ಇಟಲಿಯ ಶೈಲಿಯ ಶಿಲುಬೆಯ ದೃಶ್ಯವೂ ಇದೆ, ಈಚಿನದು. ಕೈ ಪಳಗಿದವನ ಕೆಲಸ, ನಯ ನಾಜೂಕು ಎಲ್ಲ ಸರಿ. ಆದರೂ ಕಣ್ಣು ಮತ್ತೆ ಆ ಒರಟು ಸಾವಿನ ಕಡೆಗೇ ತಿರುಗುತ್ತದೆ.

ನೋಡಬೇಕಾದ ಎರಡನೆಯದು ಗಂಟೆ ಗೋಪುರ. 11ನೇ ಶತಮಾನದ್ದು, ಫ್ರಾನ್ಸಿನ ಅತಿ ಹಳೆಯ ಗಂಟೆ ಗೋಪುರಗಳಲ್ಲಿ ಒಂದು. ತಮಾಷೆಯೆಂದರೆ ಇದು ಚರ್ಚಿಗೆ ಅಂಟಿಕೊಂಡಿಲ್ಲ. ಪಕ್ಕದ ಬಂಡೆಯ ಮೇಲೆ ತನ್ನ ಪಾಡಿಗೆ ತಾನು ನಿಂತಿದೆ. ಎತ್ತರವನ್ನು ಬಂಡೆಯೇ ಪುಕ್ಕಟೆ ಕೊಡುವಾಗ ಕೆಳಗಿಂದ ಯಾಕೆ ಕಟ್ಟಬೇಕು? ನಾಲ್ಕು ಅಂತಸ್ತು, ಮೇಲೆ ಹೋದ ಹಾಗೆ ಒಂದಕ್ಕಿಂತ ಒಂದು ಕಿರಿದು, ತುದಿಯಲ್ಲಿ ಕಲ್ಲಿನ ಚೂಪು ಮಾಡು. ನಡುವೆ ಕಿಟಕಿಗಳ ಮೇಲೆ ಕಡಿದಾದ ತ್ರಿಕೋನಗಳಿವೆ, ಅವುಗಳನ್ನು ಗಮನಿಸಿ. ಚೌಕದ ಗೋಡೆ ಕಿರಿದಾಗುತ್ತಾ ಮೇಲೇರುವುದು ಎಲ್ಲಿಯೂ ಒರಟಾಗಿ ಕಾಣದಂತೆ ನೋಡಿಕೊಂಡಿರುವುದು ಆ ತ್ರಿಕೋನಗಳೇ.

19ನೇ ಶತಮಾನದಲ್ಲಿ ಇಲ್ಲಿ ದುರಸ್ತಿ ನಡೆಸಿದ ಪೌಲ್ ಅಬಾದಿ, ಮುಂದೆ ಪ್ಯಾರಿಸ್ಸಿನ ಸಾಕ್ರೆ-ಕರ್ ಚರ್ಚಿನ ನಕ್ಷೆ ಬರೆದವನು. ಜೀರ್ಣೋದ್ಧಾರವೆಂದರೆ ಹೊಸದಾಗಿ ಕಟ್ಟುವುದೇ ಎಂದು ನಂಬಿದ್ದ ಆಸಾಮಿ. ಹತ್ತಿರದ ಪೆರಿಗ್ಯೂ ಪಟ್ಟಣದ ಸಂತ ಫ್ರೋಂ ಚರ್ಚನ್ನು ಗುರುತು ಸಿಗದಷ್ಟು ತಿದ್ದಿದ್ದಕ್ಕೆ ಬೈಸಿಕೊಂಡವನೂ ಹೌದು. ಗೋಪುರ ಅವನ ಕೈಯಲ್ಲಿ ಬದುಕಿ ಉಳಿದದ್ದೇ ದೊಡ್ಡದು.

ಈ ಮಠದ ಅಧಿಪತಿಗಳಲ್ಲಿ ಹೆಸರು ಉಳಿದಿರುವುದು ಸನ್ಯಾಸದ ಗಂಧಗಾಳಿ ಇಲ್ಲದವನದು. ಮಠದ ಆದಾಯವನ್ನು ರಾಜ ತನಗೆ ಬೇಕಾದವರಿಗೆ ಬರೆದುಕೊಡುವ ಪದ್ಧತಿ ಆಗ ಇತ್ತು. ಹಾಗೆ ಫ್ರಾನ್ಸಿನ ರಾಜ ಎರಡನೇ ಹೆನ್ರಿಯ ಕೃಪೆಯಿಂದ ಹದಿಹರೆಯದಲ್ಲೇ ಮಠಾಧಿಪತಿಯಾದವನು ಪಿಯೆರ್ ದ ಬೂರ್ದೆಯ್. ಸೈನಿಕ, ಆಸ್ಥಾನಿಕ, ಊರೂರು ಸುತ್ತಿದವನು. 1561ರಲ್ಲಿ ರಾಣಿ ಮೇರಿ ಸ್ಟುವರ್ಟ್ ಸ್ಕಾಟ್ಲೆಂಡಿಗೆ ಮರಳಿದಾಗ ಜೊತೆಗಿದ್ದವನು. ಕುದುರೆಯಿಂದ ಬಿದ್ದು ಮೂಲೆ ಹಿಡಿದ ಮೇಲೆ ಬರೆಯಲು ಕೂತ. ಆಸ್ಥಾನದ ಹೆಂಗಸರ ಪ್ರಣಯಪ್ರಸಂಗಗಳನ್ನು ಚಪ್ಪರಿಸಿ ಬರೆದ ಅವನ ಪುಸ್ತಕಗಳು ಅಚ್ಚಾದದ್ದು ಅವನು 1614ರಲ್ಲಿ ಸತ್ತು ಅರ್ಧ ಶತಮಾನ ಕಳೆದ ಮೇಲೆ. ಲೋಕಕ್ಕೆ ಅವನು ಊರಿನ ಹೆಸರಿನಿಂದಲೇ ಪರಿಚಿತ: ಬ್ರಾಂತೋಮ್. ಇಂಥವನೇ ಮಠವನ್ನು ಉಳಿಸಿದ್ದು. 1569ರ ಧರ್ಮಯುದ್ಧದಲ್ಲಿ ಪ್ರಾಟೆಸ್ಟೆಂಟ್ ಸೇನೆ ಬಂದಾಗ, ಅದರ ನಾಯಕ ಕೊಲಿನ್ಯಿಗೂ ಇವನಿಗೂ ಇದ್ದ ಹಳೆಯ ಸ್ನೇಹ ಕೆಲಸಕ್ಕೆ ಬಂತು. ಭಕ್ತನೊಬ್ಬ ಅಧಿಪತಿಯಾಗಿದ್ದಿದ್ದರೆ ಮಠಕ್ಕೆ ಬೆಂಕಿ ಬೀಳುತ್ತಿತ್ತೋ ಏನೋ.

ಹೋಗುವ ದಾರಿ ಸುಲಭ. ಬೋರ್ಡೋದಿಂದ ಪೆರಿಗ್ಯೂವರೆಗೆ ರೈಲು, ಅಲ್ಲಿಂದ ಉತ್ತರಕ್ಕೆ ರಸ್ತೆಯಲ್ಲಿ ಸುಮಾರು 27 ಕಿಲೋಮೀಟರ್. ಸ್ವಂತ ಕಾರಿದ್ದರೆ ಹೊಳೆಯ ಗುಂಟ ಕೆಳಗಿಳಿದು ಬೂರ್ದೆಯ್ ಕೋಟೆಯನ್ನೂ ನೋಡಬಹುದು. ಶುಕ್ರವಾರ ಸಂತೆ. ಚಳಿಗಾಲವಾದರೆ ಟ್ರಫಲ್ ಅಣಬೆ, ಬಾತುಕೋಳಿ, ಅದರ ಪಿತ್ತಜನಕಾಂಗ, ವರ್ಷಪೂರ್ತಿ ಅಕ್ರೋಟು. ಅಕ್ರೋಟನ್ನು ಅರೆದು, ಬಿಸಿ ಮಾಡಿ ಹಿಂಡಿದ ಎಣ್ಣೆಯ ಒಂದು ಸಣ್ಣ ಬಾಟಲಿ ತನ್ನಿ. ಒಗ್ಗರಣೆಗೆ ಹಾಕಿ ಕೆಡಿಸಬೇಡಿ, ಕೋಸಂಬರಿಯ ಮೇಲೆ ಹಸಿಯಾಗಿಯೇ ಸುರಿಯಿರಿ. ಸಸ್ಯಾಹಾರಿಗಳಿಗೆ ಒಂದು ಕಿವಿಮಾತು. ಮೆನುವಿನಲ್ಲಿ ಬಾಯಲ್ಲಿ ನೀರೂರಿಸುವ ಬೆಳ್ಳುಳ್ಳಿ-ಆಲೂಗಡ್ಡೆ ಇರುತ್ತದೆ, ಹೆಸರು ಪೊಮ್ ಸಾರ್ಲಾದೇಸ್. ಆಲೂಗಡ್ಡೆ ತಾನೇ ಅಂತ ಹೇಳಿಬಿಟ್ಟೀರಿ. ಅದನ್ನು ಹುರಿಯುವುದು ಬಾತುಕೋಳಿ ಕೊಬ್ಬಿನಲ್ಲಿ. ಕಬೆಕು ಎಂಬ ಪುಟ್ಟ ಬಿಲ್ಲೆಯಂಥ ಮೇಕೆ ಚೀಸ್, ಜೊತೆಗೆ ಬ್ರೆಡ್ಡು, ಅಕ್ರೋಟು ಕೇಳಿ, ಊಟ ನಡೆದುಹೋಗುತ್ತದೆ.